ಮೊದಲು ಒಣಗಿಸುವ ಜಾಗ, ಆಮೇಲೆ ಲಂಗೋಟಿ

ಜಡಿಮಳೆಯ ಆಟಿ ತಿಂಗಳಲ್ಲಿ ಹುಟ್ಟಿದ ಮಗುವಿಗೆ ಬೇಕಾಗುವಷ್ಟು ಲಂಗೋಟಿ ಜನವರಿಯಲ್ಲಿ ಹುಟ್ಟಿದ ಮಗುವಿಗೆ ಬೇಕಾಗುವುದಿಲ್ಲ. ಉಡುಪಿ ಸೀಮೆಯಲ್ಲಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಯಾವ ಅಜ್ಜಿಗೂ ಇದು ಗೊತ್ತು. ಮಗುವಿನ ಸಾಮಾನು ಮಾರುವ ಅಂಗಡಿಗಳ ಪಟ್ಟಿಗೆ ಮಾತ್ರ ಇದು ಗೊತ್ತಿಲ್ಲ. ಆ ಪಟ್ಟಿ ದೆಹಲಿಗೂ ಒಂದೇ, ಕಾರ್ಕಳಕ್ಕೂ ಒಂದೇ. ಮೇ ತಿಂಗಳಿಗೂ ಅದೇ, ಜುಲೈಗೂ ಅದೇ. ಬಟ್ಟೆ ಬದಲಿಸುವ ಮೇಜು, ಅದರ ಮೇಲೆ ಹಾಸುವ ಮೆತ್ತೆ, ಡೈಪರ್ ಚೀಲ, ಡೈಪರ್ ಹಾಕಲು ಬೇರೆ ಡಬ್ಬ, ವೈಪ್ಸ್, ಆ ವೈಪ್ಸನ್ನು ಬಿಸಿ ಮಾಡುವ ಯಂತ್ರ, ಪೌಡರು, ಎರಡು ಮೂರು ಬಗೆಯ ಕ್ರೀಮು. ಚೊಚ್ಚಲ ಮಗುವನ್ನು ಎದುರು ನೋಡುತ್ತಿರುವ ದಂಪತಿ ಇದನ್ನೆಲ್ಲ ಓದುವಾಗ, ಒಂದು ಬಿಟ್ಟರೂ ಮಗುವಿಗೆ ಅನ್ಯಾಯ ಮಾಡಿದಂತೆ ಎಂಬ ಅಂಜಿಕೆ ಅವರನ್ನು ಹಿಡಿಯುತ್ತದೆ. ವ್ಯಾಪಾರ ನಡೆಯುವುದು ಆ ಅಂಜಿಕೆಯ ಮೇಲೆ.

ಯಾವುದು ಬೇಕು, ಯಾವುದು ಬೇಡ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮೂರು ವಿಷಯ ಮನೆಯಲ್ಲೇ ತೀರ್ಮಾನವಾಗಬೇಕು: ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ, ಒಗೆಯುವವರು ಯಾರು, ಬಳಸಿ ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ. ಇವು ತೀರ್ಮಾನವಾದರೆ ಪಟ್ಟಿ ತಾನಾಗಿಯೇ ಗಿಡ್ಡವಾಗುತ್ತದೆ.

ಸರಕಾರವೇ ಒಮ್ಮೆ ಇಂಥ ಪಟ್ಟಿ ಮಾಡಿತ್ತು. ಕರ್ನಾಟಕದಲ್ಲಿ 2007ರ ಹೊತ್ತಿಗೆ ಬಂದ ‘ಮಡಿಲು’ ಯೋಜನೆಯಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಿಗೆ 19 ಸಾಮಾನುಗಳ ಒಂದು ಕಿಟ್ ಕೊಡುತ್ತಿದ್ದರು. ಸೊಳ್ಳೆ ಪರದೆ, ಹಾಸಲು ಹೊದೆಯಲು ಬಟ್ಟೆ, ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಬಟ್ಟೆ ಒಗೆಯುವ ಸಾಬೂನು, ಮಗುವಿಗೆ ರಬ್ಬರ್ ಶೀಟ್, ಸ್ವೆಟರ್, ಟೋಪಿ, ಎಣ್ಣೆ, ಪೌಡರು, ಡೈಪರ್. ಪೌಡರನ್ನು ಬಿಟ್ಟರೆ ಬೇಡವೆನ್ನುವಂಥದ್ದು ಇದರಲ್ಲಿ ಹೆಚ್ಚೇನಿಲ್ಲ. ಒಗೆಯುವ ಸಾಬೂನನ್ನು ನೆನಪಿಟ್ಟು ಸೇರಿಸಿದವರು ಬಾಣಂತನದ ಮನೆಯನ್ನು ಹತ್ತಿರದಿಂದ ಕಂಡವರೇ ಇರಬೇಕು. ಫಿನ್ಲೆಂಡ್ ದೇಶ 1938ರಿಂದ ಇಂಥದೇ ಪೆಟ್ಟಿಗೆ ಕೊಡುತ್ತ ಬಂದಿದೆ. ಮೊದಲು ಬಡ ತಾಯಂದಿರಿಗೆ, 1949ರ ನಂತರ ಎಲ್ಲ ತಾಯಂದಿರಿಗೂ. ಅಲ್ಲಿ 1969ರಲ್ಲಿ ಪೆಟ್ಟಿಗೆಯೊಳಗೆ ಬಿಸಾಡುವ ಡೈಪರ್ ಬಂತು. 2006ರಲ್ಲಿ ಅದನ್ನು ತೆಗೆದು ಬಟ್ಟೆಯ ಲಂಗೋಟಿಯನ್ನೇ ಮತ್ತೆ ಇಟ್ಟರು. ಸಿರಿವಂತ ದೇಶವೊಂದು ಯೋಚಿಸಿ ಇಟ್ಟ ಹೆಜ್ಜೆ ಅದು.

ಈಗ ಲೆಕ್ಕಕ್ಕೆ ಬರೋಣ. ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬಟ್ಟೆ ಬದಲಿಸಬೇಕಾಗುತ್ತದೆ. ಜನವರಿಯ ಬಿಸಿಲಿಗೆ ಬೆಳಿಗ್ಗೆ ಹರವಿದ ತೆಳು ಲಂಗೋಟಿ ಮಧ್ಯಾಹ್ನಕ್ಕೆ ಗರಿಗರಿಯಾಗಿ ಒಣಗುತ್ತದೆ. ಇಂದು ಬಳಸಿದ್ದು ನಾಳೆಗೆ ತಯಾರು. ಎರಡು ಡಜನ್ ಇದ್ದರೆ ಮನೆ ನಡೆಯುತ್ತದೆ. ಆಟಿಯಲ್ಲಿ ಹಾಗಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಘಟ್ಟಕ್ಕೆ ಹತ್ತಿರವಾದ ಕಾರ್ಕಳದ ಕಡೆ ಮಳೆ ಬಿಟ್ಟ ಹೊತ್ತಲ್ಲೂ ಗಾಳಿ ಹಸಿಯಾಗಿರುತ್ತದೆ. ಕಾಪುವಿನ ಕಡಲ ಬದಿಯಲ್ಲಿ ಗಾಳಿಗೆ ಬರವಿಲ್ಲ, ಆದರೆ ಆ ಗಾಳಿಯಲ್ಲಿ ಉಪ್ಪಿನ ತೇವ ಇರುತ್ತದೆ. ಒಂದು ಲಂಗೋಟಿ ಪೂರ್ತಿ ಒಣಗಲು ಎರಡು ದಿನ, ಕೆಲವೊಮ್ಮೆ ಮೂರು ದಿನ ಬೇಕು. ಎಂದರೆ ಅದೇ ಮಗುವಿಗೆ ಮೂರು ಡಜನ್ ಆದರೂ ಸಾಲದು. ದಿನಕ್ಕೆ ಎಷ್ಟು ಬೇಕೋ ಅದನ್ನು ಒಣಗಲು ಹಿಡಿಯುವ ದಿನಗಳಿಂದ ಗುಣಿಸಿ, ಮೇಲೆ ಒಂದು ದಿನದ್ದನ್ನು ಕೂಡಿಸಬೇಕು. ಹೆರಿಗೆಯ ತಿಂಗಳು ಎಂಟು ತಿಂಗಳು ಮೊದಲೇ ಗೊತ್ತಿರುತ್ತದೆ. ಹಾಗಾಗಿ ಇದು ಊಹೆಯ ಲೆಕ್ಕವಲ್ಲ.

ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಬೇರೆ ಏರ್ಪಾಟಿತ್ತು. ಬಚ್ಚಲಲ್ಲಿ ಬಾಣಂತಿಯ ಸ್ನಾನಕ್ಕೆಂದು ಹಂಡೆಯ ಒಲೆ ದಿನವಿಡೀ ಬಿಸಿಯಾಗಿರುತ್ತಿತ್ತು. ತೆಂಗಿನ ಮಡಲು, ಗೆರಟೆ, ಅಡಿಕೆ ಸಿಪ್ಪೆ ತೋಟದಿಂದಲೇ ಬರುತ್ತಿದ್ದವು. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಲಂಗೋಟಿಗಳು ಒಣಗುತ್ತಿದ್ದವು. ಹೊಗೆಯ ವಾಸನೆ ಹಿಡಿಯುವುದು ಅದರ ದೋಷ; ಹಸುಗೂಸಿನ ಉಸಿರಿಗೆ ಹೊಗೆ ಒಳ್ಳೆಯದೂ ಅಲ್ಲ. ಇಂದು ಆ ಜಾಗಕ್ಕೆ ಬಂದಿರುವುದು ಟೆರೇಸಿನ ಮೇಲಿನ ಶೀಟಿನ ಮಾಡು. ಆದಿ ಉಡುಪಿಯಿಂದ ಕಾಪುವಿನವರೆಗೆ ಯಾವ ಬೀದಿಯಲ್ಲಿ ತಲೆಯೆತ್ತಿ ನೋಡಿದರೂ ತಾರಸಿ ಮನೆಗಳ ನೆತ್ತಿಗೆ ಶೀಟು ಹೊದಿಸಿರುವುದು ಕಾಣುತ್ತದೆ. ಸೋರಿಕೆ ತಡೆಯಲು ಹಾಕಿಸಿದ್ದು ಅದು. ಅದರ ಕೆಳಗೆ ನಾಲ್ಕೂ ಕಡೆಯಿಂದ ಗಾಳಿಯಾಡುತ್ತದೆ, ಎರಚಲು ಅಷ್ಟಾಗಿ ತಾಗುವುದಿಲ್ಲ. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸಲು ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೆರಿಗೆಗೆ ಮೊದಲು ಅಲ್ಲಿ ಇನ್ನೆರಡು ಸಾಲು ಹಗ್ಗ ಕಟ್ಟಿಸುವ ಖರ್ಚು ನೂರಿನ್ನೂರು ರೂಪಾಯಿ. ಯಾವ ದುಬಾರಿ ಸಾಮಾನಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಮಣಿಪಾಲದ ಫ್ಲ್ಯಾಟುಗಳಲ್ಲಿ ಈ ಸೌಕರ್ಯವಿಲ್ಲ. ಹೊರ ರಾಜ್ಯಗಳಿಂದ ಬಂದ ಅಧ್ಯಾಪಕರು, ವೈದ್ಯರು, ಬ್ಯಾಂಕು ಮತ್ತು ಕಂಪೆನಿಗಳಲ್ಲಿ ದುಡಿಯುವವರು ಅಲ್ಲಿದ್ದಾರೆ. ಅವರಿಗಿರುವುದು ಒಂದು ಬಾಲ್ಕನಿ. ಜುಲೈಯಲ್ಲಿ ಅದಕ್ಕೂ ಎರಚಲು. ಅಂಥ ಮನೆಯವರು ಮಳೆಗಾಲದಲ್ಲಿ ಡೈಪರ್ ಬಳಸಿದರೆ ಅದನ್ನು ಸೋಮಾರಿತನ ಎನ್ನುವುದು ಸರಿಯಲ್ಲ. ಅರೆಬರೆ ಒಣಗಿದ ಲಂಗೋಟಿಯನ್ನು ಕಟ್ಟುವುದಕ್ಕಿಂತ ಒಣ ಡೈಪರ್ ಖಂಡಿತ ವಾಸಿ. ಸದಾ ತೇವವಿರುವ ಚರ್ಮ ಬೇಗ ಸವೆಯುತ್ತದೆ, ಅಲ್ಲಿ ಶಿಲೀಂಧ್ರದ ಸೋಂಕು ಹತ್ತಿಕೊಳ್ಳುತ್ತದೆ. ಬಟ್ಟೆಯನ್ನೇ ಬಳಸುತ್ತೇವೆ ಎನ್ನುವವರು ಇಸ್ತ್ರಿ ಪೆಟ್ಟಿಗೆಯನ್ನು ಮಗುವಿನ ಸಾಮಾನಿನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಉಳಿದ ತೇವವನ್ನು ಅದು ನಿಮಿಷದಲ್ಲಿ ತೆಗೆಯುತ್ತದೆ.

ಬೇಸಿಗೆಯ ತೊಂದರೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಧಾರಾಳ, ನೀರು ಇಲ್ಲ. ಉಡುಪಿ ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ತಳ ಕಂಡು, ನಗರದವರು ಸರದಿಯ ನೀರಿಗೆ ಕಾಯಬೇಕಾಯಿತು. ಬಾವಿ ಬತ್ತುವ ಮನೆಗೆ ದಿನಕ್ಕೆ ಹನ್ನೆರಡು ಲಂಗೋಟಿ ಒಗೆಯಿರಿ ಎಂದು ಉಪದೇಶ ಮಾಡುವವರು ಮೊದಲು ಎರಡು ಕೊಡ ನೀರು ತಂದುಕೊಡಬೇಕು.

ಬಟ್ಟೆಯ ಬಗ್ಗೆಯೇ ಹೇಳಬೇಕಾದ ಇನ್ನೊಂದು ಮಾತಿದೆ. ಲಂಗೋಟಿಗೆ ಹಿಂದೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅಜ್ಜನ ಹಳೇ ಪಂಚೆ, ಅಜ್ಜಿಯ ನೂಲಿನ ಸೀರೆ, ಸವೆದು ಮೆತ್ತಗಾದ ಬೈರಾಸು ಇವೇ ಸಾಕಾಗುತ್ತಿದ್ದವು. ನೂರಾರು ಸಲ ಒಗೆದ ಹತ್ತಿಯಷ್ಟು ನೀರು ಹೀರುವ, ಅಷ್ಟು ಬೇಗ ಒಣಗುವ, ಮಗುವಿನ ಚರ್ಮಕ್ಕೆ ಅಷ್ಟು ಹಿತವಾದ ಬಟ್ಟೆ ಬೇರೆ ಇಲ್ಲ. ಈಗಿನ ಅಜ್ಜಿಯರು ಉಡುವುದು ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತ ಸೀರೆ, ಇಲ್ಲವೇ ನೈಟಿ. ಅವು ಹರಿದರೆ ನೆಲ ಒರೆಸಲಿಕ್ಕೂ ಆಗದು. ಇದೇ ಜಿಲ್ಲೆಯ ಕೈಮಗ್ಗದ ‘ಉಡುಪಿ ಸೀರೆ’ಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಒಂದು ಕಾಲದಲ್ಲಿ ದುಡಿಯುವ ಹೆಂಗಸರ ದಿನಬಳಕೆಯ ಸೀರೆ ಅದು. ನೇಯುವವರು ಬೆರಳೆಣಿಕೆಗೆ ಇಳಿದಾಗ ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿಯ ಜತೆ ಸೇರಿ ಅದನ್ನು ಮತ್ತೆ ಮಗ್ಗಕ್ಕೆ ತಂದಿತು. ಅಂಥ ಸೀರೆ ಉಟ್ಟ ಮನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಲಂಗೋಟಿಗೆ ಬಟ್ಟೆ ತಾನಾಗಿ ಸಿಗುತ್ತದೆ. ಸದ್ಯಕ್ಕೆ ಮನೆಯಲ್ಲಿ ಹಳೇ ಹತ್ತಿ ಇಲ್ಲದವರು ಆದಿ ಉಡುಪಿಯ ಸಂತೆಯಲ್ಲೋ ಪೇಟೆಯ ಬಟ್ಟೆ ಅಂಗಡಿಯಲ್ಲೋ ತೆಳು ಹತ್ತಿಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ನಾಲ್ಕೈದು ಸಲ ಬಿಸಿನೀರಿಗೆ ಹಾಕಿ ಒಗೆದು, ಚೌಕವಾಗಿ ಕತ್ತರಿಸಿ ಅಂಚು ಹೊಲಿಸಿದರೆ ಆಯಿತು. ಗುಂಡಿ ಇಟ್ಟು ಬರುವ ಹೊಸ ಬಗೆಯ ಕ್ಲಾತ್ ಡೈಪರುಗಳೂ ಈಗ ಇವೆ. ಅವು ಸೋರುವುದಿಲ್ಲ, ನಿಜ. ಆದರೆ ಒಳಗಿನ ಪ್ಯಾಡು ದಪ್ಪ. ಆಟಿಯಲ್ಲಿ ಅದನ್ನು ಒಣಗಿಸಿ ತೆಗೆಯುವುದು ತೆಳು ಲಂಗೋಟಿಗಿಂತ ಕಷ್ಟ. ಹತ್ತು ಹದಿನೈದು ಒಟ್ಟಿಗೆ ಕೊಳ್ಳುವ ಮೊದಲು ಎರಡನ್ನು ತಂದು ನೋಡುವುದು ಜಾಣತನ.

ಇನ್ನು ಒಗೆಯುವವರು ಯಾರು? ಲಂಗೋಟಿಯ ಪರವಾಗಿ ಮಾತಾಡುವವರು ಹೆಚ್ಚಾಗಿ ಈ ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತಾರೆ. ಹಿಂದಿನವರು ಡೈಪರ್ ಇಲ್ಲದೆಯೇ ಹತ್ತು ಮಕ್ಕಳನ್ನು ಸಾಕಲಿಲ್ಲವೇ ಎಂಬ ಮಾತು ಕೇಳಿಬರುತ್ತದೆ. ಸಾಕಿದರು. ಬಾವಿಕಟ್ಟೆಯ ಕಲ್ಲಿನ ಮೇಲೆ ಬಗ್ಗಿ ಆ ಬಟ್ಟೆಗಳನ್ನು ಕುಕ್ಕಿದ ಹೆಂಗಸರ ಸೊಂಟಕ್ಕೆ ಅದರ ಲೆಕ್ಕ ಗೊತ್ತು. ತವರಿನ ಬಾಣಂತನದಲ್ಲಿ ಆ ಕೆಲಸ ಬೀಳುವುದು ಮಗುವಿನ ಅಜ್ಜಿಯ ಮೇಲೆ. ಆಕೆಗೆ ಐವತ್ತೈದು ಅರುವತ್ತು ವರ್ಷ, ಮಂಡಿನೋವು. ಮಗುವಿನ ತಾಯಿಯಂತೂ ಬಗ್ಗುವ ಸ್ಥಿತಿಯಲ್ಲಿ ಇರುವುದಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ಸುಮಾರು ಮೂರರಲ್ಲಿ ಒಬ್ಬ ತಾಯಿಯ ಹೊಟ್ಟೆಯ ಮೇಲೆ ಹೊಲಿಗೆ. ವಾಷಿಂಗ್ ಮೆಷಿನ್ ಇದ್ದರೂ, ಹೇಲು ಮೆತ್ತಿದ ಬಟ್ಟೆಯನ್ನು ಮೊದಲು ಕೈಯಿಂದಲೇ ತೊಳೆಯಬೇಕು. ಆದ್ದರಿಂದ ಬಟ್ಟೆಯೋ ಡೈಪರೋ ಎಂಬ ಚರ್ಚೆಯಲ್ಲಿ ಕೊನೆಯ ಮಾತು ಒಗೆಯುವ ಕೈಯದ್ದಾಗಿರಬೇಕು. ಮಗುವಿನ ತಂದೆ ದಿನದ ಲಂಗೋಟಿಗಳನ್ನು ತಾನೇ ಒಗೆದು ಹರವುತ್ತೇನೆ ಎಂದು ಒಪ್ಪಿಕೊಂಡ ಮನೆಯಲ್ಲಿ ಲಂಗೋಟಿ ಸಲೀಸಾಗಿ ನಡೆಯುತ್ತದೆ. ಒಪ್ಪಿಕೊಳ್ಳದ ಮನೆಯಲ್ಲಿ ಪರಿಸರದ ಹೆಸರು ಹೇಳಿ ಆ ಹೊರೆಯನ್ನು ಹೆಂಗಸರ ಬೆನ್ನಿಗೆ ಹಾಕುವುದು ನ್ಯಾಯವಲ್ಲ.

ಡೈಪರಿಗೂ ಸಲ್ಲಬೇಕಾದ್ದು ಸಲ್ಲಬೇಕು. 1961ರಲ್ಲಿ ಅಮೆರಿಕದ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪೆನಿ ‘ಪ್ಯಾಂಪರ್ಸ್’ ತಂದಾಗ ಅದರೊಳಗಿದ್ದುದು ಬರೀ ಮರದ ನಾರಿನ ತಿರುಳು. ಎಂಬತ್ತರ ದಶಕದಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ಸೇರಿತು. ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಅಂಟಿನಂತೆ ಹಿಡಿದಿಡುವ ವಸ್ತು ಅದು. ಆಗಿನಿಂದ ರಾತ್ರಿ ಮಗು ಎಚ್ಚರಗೊಳ್ಳದೆ ನಿದ್ದೆ ಮಾಡುವುದು ಸಾಧ್ಯವಾಯಿತು. ತಾಯಿಗೂ ನಿದ್ದೆ ಸಿಕ್ಕಿತು. ಹೆರಿಗೆಯಾದ ಹೆಂಗಸಿಗೆ ನಾಲ್ಕು ಗಂಟೆಯ ನಿದ್ದೆ ಚಿಕ್ಕ ವಿಷಯವಲ್ಲ. ಡೈಪರ್ ಹಾಕಿದರೆ ಚರ್ಮ ಕೆಂಪಾಗುತ್ತದೆ, ಬಟ್ಟೆಯಲ್ಲಿ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲಭ್ಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ 2006ರ ಕೊಕ್ರೇನ್ ಪರಾಮರ್ಶೆಗೆ, ಎರಡರಲ್ಲಿ ಒಂದನ್ನು ಮೇಲೆಂದು ಹೇಳುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ. ಕೆಂಪಾಗುವುದಕ್ಕೆ ಕಾರಣ ಒದ್ದೆ, ಉಜ್ಜಾಟ, ಮಲದಲ್ಲಿರುವ ಕಿಣ್ವಗಳು. ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಯಾವುದರಿಂದಲೂ ಆದೀತು.

ಆದರೆ ಮೊದಲ ಎರಡು ವಾರ ಹಗಲಿನಲ್ಲಾದರೂ ಲಂಗೋಟಿಯೇ ಒಳ್ಳೆಯದು ಎನ್ನಲು ಒಂದು ಬಲವಾದ ಕಾರಣವಿದೆ. ಎದೆಹಾಲು ಕುಡಿಯುವ ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂದು ಮನೆಯಲ್ಲೇ ತಿಳಿಯುವ ದಾರಿ ಎಂದರೆ ಮಗು ಎಷ್ಟು ಸಲ ಉಚ್ಚೆ ಮಾಡುತ್ತದೆ ಎಂಬ ಲೆಕ್ಕ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಒದ್ದೆಯಾಗಬೇಕು. ಲಂಗೋಟಿಯಲ್ಲಿ ಪ್ರತಿ ಸಲವೂ ಗೊತ್ತಾಗುತ್ತದೆ. ಡೈಪರ್ ಚೆನ್ನಾಗಿ ಹೀರುವುದರಿಂದಲೇ ಎಷ್ಟು ಸಲ ಎಂಬುದು ತಿಳಿಯದೆ ಹೋಗುತ್ತದೆ. ಹಾಲು ಸಾಲುತ್ತಿಲ್ಲ ಎಂದು ಅಂಜಿ ಮೂರನೇ ದಿನಕ್ಕೇ ಪುಡಿ ಹಾಲಿನ ಡಬ್ಬ ತರಿಸುವ ಮನೆಗಳಲ್ಲಿ ಈ ಲೆಕ್ಕವೊಂದು ಇದ್ದರೆ ಎಷ್ಟೋ ಗಾಬರಿ ತಪ್ಪುತ್ತದೆ.

ಮೂರನೆಯದು, ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು. ದಿನಕ್ಕೆ ಎಂಟು ಡೈಪರ್, ಒದ್ದೆಯಾದ ಮೇಲೆ ಒಂದೊಂದು 150 ಗ್ರಾಂ ಎಂದು ಹಿಡಿದರೂ ಒಂದು ಮಗುವಿನಿಂದ ದಿನಕ್ಕೆ ಕಿಲೋಗಿಂತ ಹೆಚ್ಚು ಕಸ. ಹಳ್ಳಿಯ ಕಡೆ ಕೆಲವರು ಅದನ್ನು ತೆಂಗಿನ ಬುಡದಲ್ಲಿ ಹೂಳುತ್ತಾರೆ. ತಿರುಳು ಕೊಳೆತೀತು, ಹೊರಗಿನ ಪಾಲಿಪ್ರೊಪಿಲೀನ್ ಹಾಳೆ ಮೊಮ್ಮಕ್ಕಳ ಕಾಲಕ್ಕೂ ಮಣ್ಣಲ್ಲೇ ಇರುತ್ತದೆ, ಮಲ ಹತ್ತಿರದ ಬಾವಿಯ ನೀರಿಗೆ ಇಳಿಯುವ ಭಯ ಬೇರೆ. ಬಚ್ಚಲೊಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆ ಬಾಣಂತಿ ಮೀಯುವ ಕೋಣೆಯಲ್ಲೇ ತುಂಬುತ್ತದೆ. ಸೇತುವೆಯ ಮೇಲಿಂದ ನದಿಗೆ ಎಸೆಯುವವರೂ ಇದ್ದಾರೆ. ಇಂಡೊನೇಷ್ಯಾದ ಬ್ರಂಟಾಸ್ ನದಿಯಲ್ಲಿ ಡೈಪರ್ ರಾಶಿ ಬಿದ್ದಿದ್ದಕ್ಕೆ, ಸುಟ್ಟರೆ ಮಗುವಿನ ಚರ್ಮ ಉರಿಯುತ್ತದೆಂಬ ಜನರ ನಂಬಿಕೆಯೂ ಒಂದು ಕಾರಣವಾಗಿತ್ತು. 2017ರಿಂದ ಅಲ್ಲಿನ ಪರಿಸರ ಕಾರ್ಯಕರ್ತರು ನೀರಿಗಿಳಿದು ಅವನ್ನು ಎತ್ತಿ ಹಾಕಬೇಕಾಯಿತು.

ನಮ್ಮಲ್ಲಿ ಅದನ್ನು ಎತ್ತುವ ಕೈಗಳು ಯಾವುವು ಎಂಬುದು ಗೊತ್ತಿದೆ. ಉಡುಪಿ ನಗರದ ಕಸ ಅಲೆವೂರಿನ ಕರ್ವಾಲಿಗೆ ಹೋಗುತ್ತದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಒಣಕಸ ವಿಂಗಡಿಸುವ ಘಟಕವಿದೆ. ಸಾಗುವ ಬೆಲ್ಟಿನ ಪಕ್ಕ ನಿಂತು ಬಾಟಲಿ, ರಟ್ಟು, ಪ್ಲಾಸ್ಟಿಕ್ ಬೇರೆ ಮಾಡುವವರಲ್ಲಿ ಹೆಂಗಸರಿದ್ದಾರೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿ ಕಸ ವಿಂಗಡಣೆಯಲ್ಲಿ ರಾಜ್ಯಕ್ಕೇ ಮಾದರಿ ಎನಿಸಿದ್ದು ಹೀಗೆ ದುಡಿದವರ ಶ್ರಮದಿಂದ. 2016ರ ಘನತ್ಯಾಜ್ಯ ನಿಯಮಗಳು ಡೈಪರನ್ನು ಬೇರೆಯಾಗಿ ಸುತ್ತಿ ಕೊಡಬೇಕು ಎಂದಿದ್ದವು. ಸುತ್ತಲು ಬೇಕಾದ ಲಕೋಟೆಯನ್ನು ಕಂಪೆನಿಗಳೇ ಕೊಡಬೇಕು ಎಂಬುದನ್ನೂ ಬರೆದಿದ್ದವು. ಪುಣೆಯ ‘ಸ್ವಚ್ಛ್’ ಎಂಬ ಕಸ ಆಯುವವರ ಸಹಕಾರ ಸಂಘ 2013ರಲ್ಲೇ ಬಳಸಿದ ಮುಟ್ಟಿನ ಪ್ಯಾಡುಗಳನ್ನು ತಯಾರಕ ಕಂಪೆನಿಗಳಿಗೆ ವಾಪಸು ಕಳಿಸಿ ಪ್ರತಿಭಟಿಸಿತ್ತು. ಮಲವನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಮಡಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೊಡಲು ಬೇಕಾಗುವುದು ಅರ್ಧ ನಿಮಿಷ. ಸುಗಂಧ ಬರುವ ವಿಶೇಷ ಡಬ್ಬಕ್ಕಿಂತ ಈ ಅರ್ಧ ನಿಮಿಷ ಮುಖ್ಯ.

ಪರಿಸರದ ದೃಷ್ಟಿಯಿಂದ ನೋಡಿದರೂ ಎಲ್ಲ ಇರುವುದು ಒಣಗಿಸುವುದರಲ್ಲೇ. 2023ರಲ್ಲಿ ಬ್ರಿಟನ್ ಸರಕಾರ ಪ್ರಕಟಿಸಿದ ಅಧ್ಯಯನ ಮಗುವಿನ ಎರಡೂವರೆ ವರ್ಷದ ಬಳಕೆಯನ್ನು ಲೆಕ್ಕ ಹಾಕಿತು: ಬಿಸಾಡುವ ಡೈಪರಿನಿಂದ 457 ಕಿಲೋ, ಒಗೆದು ಬಳಸುವ ಬಟ್ಟೆಯಿಂದ 345 ಕಿಲೋ ಇಂಗಾಲದ ಹೊರೆ. ಅದೇ ದೇಶದ 2008ರ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸಿದರೆ ಅದರದ್ದೇ ಹೊರೆ ಹೆಚ್ಚು, ಗಾಳಿಗೆ ಒಣಗಿಸಿ ಎರಡನೇ ಮಗುವಿಗೂ ಬಳಸಿದರೆ ಬಹಳ ಕಡಿಮೆ ಎಂದಿತ್ತು. ನಮ್ಮ ಹಗ್ಗಕ್ಕೆ ಕರೆಂಟು ಬೇಡ. ಅಕ್ಕನ ಮಗುವಿನ ಲಂಗೋಟಿ ತಂಗಿಯ ಮಗುವಿಗೆ ಬರುವುದು ಇಲ್ಲಿ ಹಿಂದಿನಿಂದಲೂ ಇದ್ದದ್ದೇ.

ಉಳಿದ ಸಾಮಾನುಗಳ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಡ. ಬಟ್ಟೆ ಬದಲಿಸುವ ಮೇಜು ಅನಗತ್ಯ, ಅಪಾಯಕಾರಿಯೂ ಹೌದು. ಮಗು ಮಗುಚಿಕೊಳ್ಳಲು ಕಲಿತ ದಿನ ಅದರಿಂದ ಬೀಳಬಹುದು. ನೆಲದ ಮೇಲೆ ಚಾಪೆ, ಅದರ ಮೇಲೆ ರಬ್ಬರ್ ಶೀಟ್, ಮೇಲೊಂದು ಬೈರಾಸು ಸಾಕು. ಸಿಸೇರಿಯನ್ ಆದವರಿಗೆ ಬಗ್ಗುವುದು ಕಷ್ಟವಾದ್ದರಿಂದ ಮಂಚದ ನಡುವೆ ಅದೇ ಶೀಟು ಹಾಸಿಕೊಂಡು, ಒಂದು ಕೈ ಸದಾ ಮಗುವಿನ ಮೇಲೆ ಇಟ್ಟು ಬದಲಿಸಬೇಕು. ಒರೆಸಲು ಬೆಚ್ಚನೆ ನೀರು, ಮೆತ್ತನೆ ಬಟ್ಟೆಯ ತುಂಡು. ವೈಪ್ಸ್ ಪ್ರಯಾಣಕ್ಕೆ ಮಾತ್ರ. ಪೌಡರು ಬೇಡವೇ ಬೇಡ. ಹಾರುವ ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಜಾನ್ಸನ್ ಆಂಡ್ ಜಾನ್ಸನ್ ಕಂಪೆನಿಯೇ 2023ರಲ್ಲಿ ಟಾಲ್ಕ್‌ನ ಮಗು ಪೌಡರನ್ನು ಜಗತ್ತಿನಾದ್ಯಂತ ನಿಲ್ಲಿಸಿತು. ಚರ್ಮ ಕೆಂಪಾದರೆ ಜಿಂಕ್ ಆಕ್ಸೈಡ್ ಇರುವ ಮುಲಾಮಿನ ಒಂದು ಟ್ಯೂಬು ಸಾಕು. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಪದ್ಧತಿಗೆ ದುಡ್ಡೇ ಬೇಡ. ಮಗುವಿಗೆ ಕತ್ತು ನಿಂತ ಮೇಲೆ ಅಜ್ಜಿಯರು ಕುಕ್ಕುರುಗಾಲಲ್ಲಿ ಕೂತು, ಪಾದಗಳ ಮೇಲೆ ಮಗುವನ್ನು ಕೂರಿಸಿ ‘ಶ್’ ಎಂದು ಸದ್ದು ಮಾಡಿ ಉಚ್ಚೆ, ಕಕ್ಕ ಮಾಡಿಸುತ್ತಾರೆ. ಎದ್ದ ತಕ್ಷಣ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೀಗೆ ಕೂರಿಸಿದರೆ ದಿನಕ್ಕೆ ನಾಲ್ಕೈದು ಲಂಗೋಟಿ ಉಳಿಯುತ್ತದೆ. ಮಗು ಅಳುತ್ತಿದ್ದರೆ ಒತ್ತಾಯ ಮಾಡಬಾರದು, ಅಷ್ಟೇ ನಿಯಮ.

ಹಾಗಾದರೆ ಉಡುಪಿಯ ಒಂದು ಸಾಧಾರಣ ಮನೆಗೆ ಏನು ಬೇಕು? ಬೇಸಿಗೆಯಲ್ಲೋ ಚಳಿಗಾಲದಲ್ಲೋ ಹುಟ್ಟುವ ಮಗುವಿಗೆ ಎರಡು ಡಜನ್, ಮಳೆಗಾಲದ ಮಗುವಿಗೆ ನಾಲ್ಕು ಡಜನ್ ಹತ್ತಿ ಲಂಗೋಟಿ. ಎರಡು ರಬ್ಬರ್ ಶೀಟ್. ಮುಚ್ಚಳವಿರುವ ಒಂದು ಬಕೆಟ್. ಶೀಟಿನ ಮಾಡಿನ ಕೆಳಗೆ ಹಗ್ಗ ಮತ್ತು ಕ್ಲಿಪ್ಪುಗಳು. ಒಂದು ಟ್ಯೂಬು ಮುಲಾಮು. ರಾತ್ರಿಗೆ, ಪ್ರಯಾಣಕ್ಕೆ, ಬಟ್ಟೆ ಒಣಗದ ದಿನಗಳಿಗೆ ಒಂದು ಸಣ್ಣ ಕಟ್ಟು ಡೈಪರ್. ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿದರೆ ದಿನಕ್ಕೆ ಎಂಟು ಡೈಪರಿಗೆ ತಿಂಗಳಿಗೆ 2,400 ರೂಪಾಯಿ. ದಿನಕ್ಕೆ ಎರಡಾದರೆ 600. ಮಗು ಬೇಗ ಬೆಳೆಯುವುದರಿಂದ ಚಿಕ್ಕ ಅಳತೆಯ ದೊಡ್ಡ ಕಟ್ಟು ಕೊಳ್ಳಬಾರದು.

ಮಗುವನ್ನು ನೋಡಲು ಹೋಗುವ ನೆಂಟರಲ್ಲೂ ಒಂದು ವಿನಂತಿ. ಪೌಡರು, ಸಾಬೂನು, ಬಾಚಣಿಗೆ ತುಂಬಿದ ಬಣ್ಣದ ಪೆಟ್ಟಿಗೆ ಆ ಮನೆಯಲ್ಲಿ ಆಗಲೇ ನಾಲ್ಕೈದು ಬಂದು ಬಿದ್ದಿರುತ್ತವೆ. ಅದರ ಬದಲು ಒಗೆದು ಮೆತ್ತಗೆ ಮಾಡಿದ ಹತ್ತಿಬಟ್ಟೆಯ ಒಂದು ಡಜನ್ ಚೌಕಗಳನ್ನು ಒಯ್ಯಿರಿ. ಅಲ್ಲಿ ಕೂತಿರುವಷ್ಟು ಹೊತ್ತಿನಲ್ಲಿ ಮೇಲೆ ಹೋಗಿ ಒಣಗಿದ ಲಂಗೋಟಿಗಳನ್ನು ತೆಗೆದು ಮಡಿಸಿಕೊಟ್ಟು ಬನ್ನಿ.